ಗೋಡೆಗೆ ಹೇಳಿದ್ದು

ನಮ್ಮ ಕಡೆ ಮಾತು ಬಿಟ್ಟವರಿಗೂ ಮಾತಾಡಲು ಒಂದು ದಾರಿ ಇದೆ. ಗೋಡೆಗೆ ಹೇಳುವುದು. ಎದುರಿಗೆ ಕೂತವರಿಗೆ ಅನ್ನ ಬೇಕೇ ಎಂದು ಕೇಳಬೇಕಾದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಅನ್ನ ಅದೆ, ಬೇಕಾದೋರು ಆಕ್ಕೊಬೌದು" ಎನ್ನುವುದು. ಎದುರಿನವರು ತಮ್ಮ ಉತ್ತರವನ್ನು ಕಂಬಕ್ಕೋ, ಕಿಟಕಿಗೋ, ಮಲಗಿದ್ದ ಬೆಕ್ಕಿಗೋ ಕೊಡುತ್ತಾರೆ. ಹೀಗೆ ಮಾತು ನಡೆದೂ ನಡೆಯದಂತೆ ಸಂಸಾರ ಸಾಗುತ್ತದೆ. ಈ ವಿದ್ಯೆಯಲ್ಲಿ ನಮ್ಮವ್ವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ನಂಜನಗೂಡಿನ ನಮ್ಮ ನಡುಮನೆಯ ಸುಣ್ಣದ ಗೋಡೆಗೆ ಜೀವ ಇದ್ದಿದ್ದರೆ ಅದು ಎಂದೋ ಕೈಮುಗಿದು ಊರು ಬಿಟ್ಟು ಹೋಗುತ್ತಿತ್ತು.

ಅವ್ವ ಮಾತು ಬಿಟ್ಟಿದ್ದು ಒಡಹುಟ್ಟಿದ ಅಕ್ಕನ ಜತೆ, ಅಂದರೆ ನನ್ನ ದೊಡ್ಡವ್ವನ ಜತೆ. ಅವರಿಬ್ಬರ ತವರು ಸೋಸಲೆ. ದೊಡ್ಡವ್ವನನ್ನು ಪಕ್ಕದ ಟಿ. ನರಸೀಪುರಕ್ಕೆ ಕೊಟ್ಟರು, ಅವ್ವನನ್ನು ದೂರದ ನಂಜನಗೂಡಿಗೆ. ತೊಂಬತ್ತರ ದಶಕದ ನಡುವೆ, ನಾನು ಪಿಯುಸಿ ಓದುತ್ತಿದ್ದಾಗ, ಸೋಸಲೆಯಲ್ಲಿ ಅಜ್ಜಿ ತೀರಿಕೊಂಡಳು. ಸುದ್ದಿ ನಮಗೆ ತಲುಪಿ, ನಾವು ಸಿಕ್ಕ ಬಸ್ಸು ಹತ್ತಿ, ಆ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತು, ಹೋಗಿ ಸೇರುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಅವ್ವನಿಗೆ ತನ್ನ ತಾಯಿಯ ಮುಖ ಸಿಗಲಿಲ್ಲ. ಹಸಿ ಮಣ್ಣಿನ ಮೇಲೆ ಕೈ ಬಡಿದು, ನೆರೆದ ಜನರೆಲ್ಲರ ಎದುರಿಗೆ ಅಕ್ಕನನ್ನು ನೋಡಿ ಕೂಗಿದಳು.

"ನಾನ್ ಬರೋಗಂಟ ಮಡಿಕ್ಕೊಳಕ್ಕಾಗ್ನಿಲ್ವಾ ನಿಂಗೆ? ಇನ್ಮೇಲೆ ನಿನ್ ಜೊತೆ ಮಾತಾಡುದ್ರೆ ನಮ್ಮವ್ವನ್ ಆಣೆ!"

ಆಣೆ ಇಟ್ಟ ಮೇಲೂ ಹೋಗಿಬರುವುದು ನಿಲ್ಲಲಿಲ್ಲ, ಅದೇ ವಿಚಿತ್ರ. ದೊಡ್ಡವ್ವ ನಂಜುಂಡನ ಸೋಮವಾರಕ್ಕೆಂದು ಬಂದರೆ ನಮ್ಮ ಮನೆಯಲ್ಲೇ ಉಳಿಯುತ್ತಿದ್ದಳು. ಅಕ್ಕ ತಂಗಿ ಒಂದೇ ಪಾತ್ರೆಯ ಸಾರು ಉಂಡು, ಒಂದೇ ಚಾಪೆಯ ಎರಡು ಅಂಚಿನಲ್ಲಿ ಮಲಗಿ, ಬೆಳಿಗ್ಗೆ ಎದ್ದು ಗೋಡೆಗೆ ಕಾಫಿ ಆಯಿತೆಂದು ಹೇಳಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಅನ್ನಿಸುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಬಸ್ ನಿಲ್ದಾಣದ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಲಗ್ನಪತ್ರಿಕೆ, ತಾಲ್ಲೂಕು ಕಚೇರಿಯ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಇವೇ ಕೆಲಸ. ಅಂಗಡಿಗೆ ಫೋನ್ ತಂತಿಯ ಮೂಲಕ ಇಂಟರ್‌ನೆಟ್ ಬಂದ ಹೊಸದು. ಒಂದು ಪುಟ ತೆರೆಯುವಷ್ಟರಲ್ಲಿ ಹೋಗಿ ಟೀ ಕುಡಿದು ಬರಬಹುದಿತ್ತು. ಹಾಗೆ ತಡಕಾಡುವಾಗ ಒಂದು ಇಸ್ಪೀಟಿನಂಥ ಆಟ ಸಿಕ್ಕಿತು. ಹಾಳೆಯ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿಕೊಂಡು, ಇಬ್ಬರು ಕೂತು ಆಡುವುದು. ಒಂದೊಂದು ಎಲೆಯ ಮೇಲೂ ಒಂದು ತರಲೆ ಚಿತ್ರ, ಅದರ ಕೆಳಗೆ ಒಂದು ತರಲೆ ಅಪ್ಪಣೆ. ಇಬ್ಬರೂ ಎಲೆಗಳನ್ನು ಅರ್ಧರ್ಧ ಹಂಚಿಕೊಂಡು, ಸರದಿಯಂತೆ ಒಂದನ್ನು ಎದುರಾಳಿಯ ಮುಂದೆ ಹಾಕಬೇಕು. ಎದುರಾಳಿ ಅದರಲ್ಲಿದ್ದಂತೆ ಮಾಡಿ ತೋರಿಸಬೇಕು. ನಗಬಹುದು, ಆದರೆ ಮಾತಾಡುವಂತಿಲ್ಲ. ಯಾರು ಮೊದಲು ಎದುರಾಳಿಯ ಜತೆ ಮಾತಾಡುತ್ತಾರೋ ಅವರು ಸೋತರು, ತಮ್ಮ ಎಲೆಗಳನ್ನೆಲ್ಲ ಕೊಟ್ಟುಬಿಡಬೇಕು.

ಅದರ ಇಂಗ್ಲಿಷ್ ತಮಾಷೆ ನಮಗೆ ಹತ್ತುವಂಥದ್ದಲ್ಲ. ಚಿತ್ರಗಳನ್ನು ಉಳಿಸಿಕೊಂಡು ಅಪ್ಪಣೆಗಳನ್ನು ನಾನೇ ಬರೆದೆ. ಕನ್ನಡಕ ಹಾಕಿದ ಬಾತುಕೋಳಿಯಂತೆ ತಲೆ ಆಡಿಸು. ಉಪ್ಪಿಲ್ಲದ ಸಾರು ಉಂಡ ಮುಖ ಮಾಡು. ರಸಬಾಳೆ ಸಿಪ್ಪೆಯ ಮೇಲೆ ಜಾರಿದವಳಂತೆ ಕೈ ಬೀಸು. ಬಸ್ಸು ತಪ್ಪಿಹೋದವಳ ಹಾಗೆ ನಿಲ್ಲು. ಹಾಳಾದ ಲಗ್ನಪತ್ರಿಕೆಗಳ ದಪ್ಪ ಕಾಗದದ ಹಿಂಬದಿಗೆ ಪ್ರಿಂಟ್ ತೆಗೆದು ಕತ್ತರಿಸಿದೆ. ಹಾಗಾಗಿ ಬಾತುಕೋಳಿಯ ಬೆನ್ನಿಗೆ 'ಚಿ. ಸೌ.' ಅಂತಲೂ ಬೆಕ್ಕಿನ ಬೆನ್ನಿಗೆ 'ಸುಖಾಗಮನ' ಅಂತಲೂ ಇರುತ್ತಿತ್ತು. ಬೀದಿಯ ಮಕ್ಕಳು ಆಡಿದರೆ ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಯಾರಿಗೂ ಬಾಯಿ ಮುಚ್ಚಿಕೊಂಡಿರಲು ಆಗುತ್ತಿರಲಿಲ್ಲ.

ಆ ದಿನಗಳಲ್ಲೇ ನರಸೀಪುರದಿಂದ ದೊಡ್ಡವ್ವನ ಮಗ, ನನ್ನ ಅಣ್ಣ, ಅಂಗಡಿಗೆ ಫೋನ್ ಮಾಡಿದ. ದೊಡ್ಡವ್ವನ ಧ್ವನಿ ಬಹಳ ದಿನಗಳಿಂದ ಒಡೆದಿತ್ತು. ಶೀತ ಅಂದುಕೊಂಡು ಮೆಣಸಿನ ಕಷಾಯ ಕುಡಿಸುತ್ತಿದ್ದರು. ಈಗ ಮೈಸೂರಿನ ಆಸ್ಪತ್ರೆಯಲ್ಲಿ ತುಣುಕು ತೆಗೆದು ನೋಡಿದ್ದರು. ಗಂಟಲಲ್ಲಿ ಗಡ್ಡೆ, ಕೆಟ್ಟ ಜಾತಿಯದು.

"ಆಪರೇಷನ್ ಮಾಡುದ್ರೆ ಬದುಕ್ತಾಳೆ ಅಂತಾರೆ ಕಣಮ್ಮಿ," ಅಂದ ಅಣ್ಣ. "ಆದ್ರೆ ಮಾತಿನ ಪೆಟ್ಗೆನೇ ತೆಗೀಬೇಕಂತೆ. ಆಮೇಲೆ ಮಾತಿಲ್ಲ."

ಆಸ್ಪತ್ರೆಗೆ ಸೇರುವುದು ಮಂಗಳವಾರ ಎಂದು ಗೊತ್ತಾಯಿತು. ಅದಕ್ಕೂ ಮುಂಚೆ ಸೋಮವಾರ ನಂಜುಂಡನಿಗೆ ಪೂಜೆ ಮಾಡಿಸಬೇಕೆಂದು ದೊಡ್ಡವ್ವ ಹಟ ಹಿಡಿದಳು. ನಾನೇ ನರಸೀಪುರಕ್ಕೆ ಹೋಗಿ ಅವಳನ್ನು ಕರೆತಂದೆ. ಬಸ್ಸಿನಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಮಾತಾಡುತ್ತಿದ್ದಳು. ಧ್ವನಿ ಮರಳಿನ ಮೇಲೆ ತಗಡು ಎಳೆದಂತೆ ಬರುತ್ತಿತ್ತು.

"ಗಂಟಲಲ್ಲಿ ಇಸ ಮಡಿಕ್ಕಂಡಿರೋನು ಕಣಮ್ಮಿ ಅವ್ನು. ಗಂಟಲ್ ಕಷ್ಟ ಅವ್ನಿಗಲ್ದೆ ಇನ್ಯಾರ್ಗ್ ಗೊತ್ತಾದದು?"

ಪೂಜೆ ಮುಗಿಸಿ, ಕಪಿಲೆಯ ನೀರು ತಲೆಗೆ ಚಿಮುಕಿಸಿಕೊಂಡು ಮನೆಗೆ ಬಂದೆವು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಈಗಲಾದರೂ ಮಾತಾಡುತ್ತಾಳೆ ಅಂತ ಕಾದೆ. ಅವ್ವ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಿರುಗಿ ಬಾಗಿಲ ಪಕ್ಕದ ಗೋಡೆಗೆ, "ಕಾಲ್ ತೊಳ್ಕೊಳಕ್ಕೆ ನೀರ್ ಮಡಗಿವ್ನಿ," ಎಂದು ಹೇಳಿ ಒಳಗೆ ಹೋದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಗೆ ನುಗ್ಗಿ, ಪಕ್ಕದ ಮನೆಯವರಿಗೂ ಕೇಳುವಂತೆ ಕಿರುಚಬೇಕು ಅನ್ನಿಸಿದರೂ ಹಲ್ಲು ಕಚ್ಚಿ ಪಿಸುಗುಟ್ಟಿದೆ. "ನೀನು ಮನುಷ್ಯಳೇನವ್ವಾ? ನಾಳೆ ಆಸ್ಪತ್ರೆಗೆ ಹೋದ್ರೆ ಅವಳ ಧ್ವನಿ ತಿರ್ಗ ಕೇಳಕ್ಕಿಲ್ಲ. ಅಜ್ಜಿ ಮುಖ ಸಿಗಲಿಲ್ಲ ಅಂತ ಇಷ್ಟು ವರ್ಷ ಅತ್ತೆಯಲ್ಲ, ಇದೂ ಹಂಗೇ ಕೈ ತಪ್ಪಿಹೋಗ್ಲಾ?"

ಅವ್ವ ಈರುಳ್ಳಿ ಹೆಚ್ಚುತ್ತಿದ್ದಳು. ಕೈ ನಿಂತಿತು.

"ಆಣೆ ಮುರುದ್ರೆ ಯಾರ್ಗ್ ತಟ್ಟದು ಗೊತ್ತಾ ನಿಂಗೆ?" ಅಂದಳು. ಅವಳ ಧ್ವನಿಯೂ ಪಿಸುಮಾತೇ. "ಸತ್ತೋರ್ ಮೇಲ್ ಮಡಗಿದ್ ಆಣೆ ಬದ್ಕಿರೋರ್ಗೆ ತಟ್ಟದು. ಅವ್ಳನ್ನ ಆ ಟೇಬಲ್ ಮೇಲೆ ಮಲಗ್ಸಿರೋವಾಗ ತಟ್ಟುದ್ರೆ? ಮಾತ್ ಓಗ್ಲಿ, ಜೀವ ಉಳೀಲಿ. ನಾನ್ ಬಾಯ್ ಬುಡಾಕಿಲ್ಲ."

ಅಲ್ಲಿಯವರೆಗೆ ನಾನು ಅದನ್ನು ಬರೀ ಜಂಬ ಅಂದುಕೊಂಡಿದ್ದೆ. ಅವಳು ಹೆದರಿಕೊಂಡಿದ್ದಳು. ಜಂಬವಾಗಿದ್ದರೆ ಬೈದು ಬಗ್ಗಿಸಬಹುದಿತ್ತು. ಹೆದರಿಕೆಗೆ ಬೈಗುಳ ಮದ್ದಲ್ಲ. ಹೊರಗೆ ಬಂದೆ.

ಮಧ್ಯಾಹ್ನ ಊಟವಾದ ಮೇಲೆ ದೊಡ್ಡವ್ವನಿಗೆ ಹೊತ್ತು ಹೋಗಲೆಂದು ಆ ಎಲೆಗಳನ್ನು ತೆಗೆದೆ. ಡಾಕ್ಟರು ಧ್ವನಿಗೆ ಶ್ರಮ ಕೊಡಬೇಡಿ ಎಂದಿದ್ದರು, ಮಾತಿಲ್ಲದ ಆಟ ಅವಳಿಗೆ ಸರಿಹೋಗುತ್ತದೆ ಅನ್ನಿಸಿತು. ಬಾತುಕೋಳಿಯಂತೆ ತಲೆ ಆಡಿಸಿದ ದೊಡ್ಡವ್ವನನ್ನು ನೋಡಿ ನಾನು "ಅಯ್ಯೋ ದೊಡ್ಡವ್ವ" ಅಂದುಬಿಟ್ಟೆ, ಸೋತೆ. ಇನ್ನೊಂದು ಆಟ ಆಡಿದೆ, ಅದನ್ನೂ ಸೋತೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನೋಡುತ್ತಿದ್ದಳು. ದೊಡ್ಡವ್ವ ಅದನ್ನು ಗಮನಿಸಿ ನನ್ನ ಕಡೆ ಬಾಗಿದಳು.

"ನಿಮ್ಮವ್ವನ್ನ ಕೇಳು, ಒಂದಾಟ ಆಡ್ತಾಳಾ ಅಂತ. ಚಿಕ್ಕೋಳಿದ್ದಾಗ ಚೌಕಾಬಾರ ಸೋತ್ರೆ ಮಣೆ ಎತ್ತಾಕೋಳು ಅವ್ಳು."

ಅವ್ವ ಗೋಡೆಗೆ ಉತ್ತರ ಕೊಟ್ಟಳು. "ಮಾತಾಡ್ದೆ ಇರೋ ಆಟ್ದಲ್ಲಿ ನನ್ನ ಸೋಲ್ಸೋರು ಇನ್ನೂ ಉಟ್ಟಿಲ್ಲ."

ಹಾಗೆ ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂತರು. ನಾನು ನಡುವೆ, ತೀರ್ಪುಗಾರಳಾಗಿ.

ಮಕ್ಕಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿದ್ದ ಆಟ ಮುಗಿಯಲೇ ಇಲ್ಲ. ಇಬ್ಬರೂ ವರ್ಷಗಟ್ಟಲೆ ತಾಲೀಮು ಮಾಡಿದವರು. ದೊಡ್ಡವ್ವ ಬೆಕ್ಕಾದಳು, ಅವ್ವ ಉಪ್ಪಿಲ್ಲದ ಸಾರು ಉಂಡಳು. ಒಮ್ಮೆ ಇಬ್ಬರಿಗೂ ನಗು ಉಕ್ಕಿ ಬಂದು, ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತ ಹೆಗಲು ಕುಣಿಸಿ ನಕ್ಕರು. ಮಾತು ಮಾತ್ರ ಇಲ್ಲ. ಎಲೆಗಳು ಆ ಕೈಯಿಂದ ಈ ಕೈಗೆ ಓಡಾಡಿದವು. ಹೀಗೇ ಸಂಜೆಯಾಗಿಬಿಟ್ಟರೆ? ಬೆಳಿಗ್ಗೆ ಅಣ್ಣ ಬಂದು ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಗೆ ಮುಗಿಯಿತು.

ಆಗ ದೊಡ್ಡವ್ವ ನೋಡದೆ ಒಂದು ಎಲೆ ಎಳೆದು ಅವ್ವನ ಮುಂದೆ ಹಾಕಿದಳು. ಬಸ್ಸು ತಪ್ಪಿಹೋದವಳ ಹಾಗೆ ನಿಲ್ಲು.

ಬರೆಯುವಾಗ ನನಗೆ ಹೊಳೆದಿರಲಿಲ್ಲ. ಅವ್ವ ಆ ಎಲೆಯನ್ನು ಓದಿದಳು. ಅವಳ ಮುಖದಲ್ಲಿದ್ದ ನಗು ಎಲ್ಲಿಗೆ ಹೋಯಿತೋ. ಅರ್ಧ ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಪಕ್ಕ ಅವಳು ಎದೆ ಎದೆ ಬಡಿದುಕೊಂಡು ನಿಂತಿದ್ದು ನನಗೂ ಕಣ್ಣಿಗೆ ಕಟ್ಟಿತು, ನಾನೂ ಅಂದು ಜತೆಗಿದ್ದೆ. ಅವ್ವ ಕದಲಲಿಲ್ಲ. ಎದ್ದು ಹೋಗಿಬಿಡುತ್ತಾಳೆ ಅಂದುಕೊಂಡೆ. ದೊಡ್ಡವ್ವ ನಿಧಾನವಾಗಿ ಕೈ ಚಾಚಿ ಆ ಎಲೆಯನ್ನು ಅಂಗೈಯಲ್ಲಿ ಮುಚ್ಚಿ, ಹಿಂದಕ್ಕೆ ಎಳೆದುಕೊಂಡು ತನ್ನ ತೊಡೆಯ ಕೆಳಗೆ ಇಟ್ಟುಕೊಂಡಳು. ಅದರ ಜಾಗದಲ್ಲಿ ಬಾತುಕೋಳಿಯನ್ನು ಹಾಕಿದಳು. ಆಟದ ನಿಯಮದಲ್ಲಿ ಹಾಗೆ ಮಾಡುವಂತಿಲ್ಲ. ನಾನು ತಡೆಯಲಿಲ್ಲ. ಅವ್ವ ಬಹಳ ಹೊತ್ತು ಬಾತುಕೋಳಿಯನ್ನು ನೋಡಿ, ಕೊನೆಗೆ ತಲೆ ಆಡಿಸಿದಳು.

ಮುಂದಿನ ಸರದಿ ಅವ್ವನದು. ಬಿಸಿ ಕಾಫಿಗೆ ನಾಲಗೆ ಸುಟ್ಟುಕೊಂಡವಳಂತೆ ಮಾಡು ಎಂಬ ಎಲೆ ಹಾಕಿದಳು. ದೊಡ್ಡವ್ವ ಲೋಟ ಎತ್ತಿದಂತೆ ಮಾಡಿ, ಹಾ ಎಂದು ಬಾಯಿ ತೆರೆದು, ನಾಲಗೆ ಚಾಚಿದಳು. ಅಷ್ಟರಲ್ಲಿ ನಿಜವಾದ ಕೆಮ್ಮು ಬಂತು. ನಿಲ್ಲದ ಕೆಮ್ಮು. ಅವಳು ಎರಡೂ ಕೈ ನೆಲಕ್ಕೆ ಊರಿ ಬಾಗಿದಳು, ಕಣ್ಣಲ್ಲಿ ನೀರು, ಕತ್ತಿನ ನರಗಳು ಉಬ್ಬಿದವು. ನಾನು ಏಳುವ ಮೊದಲೇ ಅವ್ವ ಗೋಡೆಯ ಕಡೆ ಕತ್ತು ತಿರುಗಿಸಿ ಕೂಗಿದಳು.

"ನೀರ್ ಕುಡೀಲಿ! ಪಕ್ದಲ್ಲೇ ಚೊಂಬದೆ! ಬೇಗ ಕುಡೀಲಿ!"

ದೊಡ್ಡವ್ವ ಚೊಂಬು ಎತ್ತಿ ಗುಟುಕು ಗುಟುಕಾಗಿ ಕುಡಿದಳು. ಕೆಮ್ಮು ಇಳಿಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ಕಿಲಾಡಿತನ ಮೂಡಿತು. ಬೆರಳಿನಿಂದ ನೆಲ ಕುಟ್ಟಿ, ಅವ್ವನ ಮುಂದೆ ಕೈ ಚಾಚಿದಳು. ಎಲೆ ಕೊಡು ಎಂದು.

ಅವ್ವ ನನ್ನ ಕಡೆ ತಿರುಗಿದಳು. "ಇದ್ಯಾವ್ ನ್ಯಾಯ? ನಾನ್ ಗ್ವಾಡೆಗ್ ಯೋಳಿದ್ದು. ಗ್ವಾಡೆಗ್ ಯೋಳಿದ್ದು ಲೆಕ್ಕಕ್ಕಿಲ್ಲ. ಯೋಳಮ್ಮಿ, ನೀನೇ ಯೋಳು."

ಆಟದ ಪ್ರಶ್ನೆ ಅಲ್ಲ ಅದು ಎಂದು ಮೂವರಿಗೂ ಗೊತ್ತಿತ್ತು. ಲೆಕ್ಕಕ್ಕಿಲ್ಲ ಎಂದರೆ ಆಟ ಮುಂದುವರಿಯುತ್ತದೆ, ಮೌನವೂ ಮುಂದುವರಿಯುತ್ತದೆ, ನಾಳೆ ಬೆಳಗಾಗುತ್ತದೆ. ಲೆಕ್ಕಕ್ಕೆ ಬರುತ್ತದೆ ಎಂದರೆ ಇಷ್ಟು ವರ್ಷ ಅವ್ವ ಅಕ್ಕನ ಜತೆ ಮಾತಾಡುತ್ತಲೇ ಇದ್ದಳು, ಆಣೆ ಎಂದೋ ಮುರಿದಿತ್ತು, ಹಾಗಾದರೆ ಆ ಗಡ್ಡೆ ಆಣೆ ತಟ್ಟಿದ್ದೇ? ಅವ್ವನ ಕಣ್ಣುಗಳು ನನ್ನನ್ನು ಬೇಡುತ್ತಿದ್ದವು. ದೊಡ್ಡವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

ಯೋಚನೆ ಮಾಡಿ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಾಕಾಗಿತ್ತು.

"ಲೆಕ್ಕಕ್ಕೆ ಬರುತ್ತೆ," ಅಂದೆ. "ಗೋಡೆಗೇನು ಬಾಯಾರಿಕೆ ಆಗಿತ್ತಾ? ಅವಳಿಗೇ ಹೇಳಿದ್ದು ನೀನು. ಯಾವಾಗಲೂ ಅವಳಿಗೇ ಹೇಳಿದ್ದು."

ಅವ್ವನ ಕೈಯಲ್ಲಿದ್ದ ಎಲೆಗಳು ಚಾಪೆಯ ಮೇಲೆ ಬಿದ್ದವು. ಅವಳು ಗೋಡೆಯ ಕಡೆ ತಿರುಗಲಿಲ್ಲ. ಮಂಡಿಯ ಮೇಲೆ ಮುಂದಕ್ಕೆ ಸರಿದು ದೊಡ್ಡವ್ವನ ಎರಡೂ ಕೈ ಹಿಡಿದುಕೊಂಡಳು.

"ಇಲ್ಲ ಕಣಕ್ಕ, ನಾನ್ ನಿನ್ ಜೊತೆ ಮಾತಾಡಿಲ್ಲ ಕಣಕ್ಕ! ಗ್ವಾಡೆಗೇ ಕಣಕ್ಕ ಯೋಳಿದ್ದು! ಆಣೆ ಮುರ್ದಿಲ್ಲ ಕಣಕ್ಕ ನಾನು, ನಿನ್ಗೇನೂ ಆಗಾಕಿಲ್ಲ ಕಣಕ್ಕ!"

ಆಮೇಲೆ ತಾನು ಏನು ಮಾಡಿದೆ ಎಂದು ಅವಳಿಗೆ ಅರಿವಾಯಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ದೊಡ್ಡವ್ವ ಮೊದಲು ಒಂದು ಮಾತು ಹೇಳಿದಳು. "ಸೋತೆ. ಎಲೆ ಕೊಡು."

ಅವ್ವ ಎಲೆಗಳನ್ನು ಆಯ್ದು ಕೊಟ್ಟಳು. ದೊಡ್ಡವ್ವ ಅವುಗಳನ್ನು ಜೋಡಿಸಿ ಪಕ್ಕಕ್ಕಿಟ್ಟು ಕೇಳಿದಳು.

"ಯಾರ್ ಆಣೆ ಮಡಗಿದ್ದೆ ನೀನು?"

"ಅವ್ವಂದು."

"ಅವ್ವ ತನ್ ಮಗಳ್ಗೇ ಕೇಡ್ ಮಾಡಾಳಾ? ಅಂತೋಳಾ ನಮ್ಮವ್ವ? ಈ ಗಂಟಲ್ಗೆ ತಟ್ಟಿರಾದು ಕಡ್ಡಿಪುಡಿ ಕಣೇ. ಎಲೆಅಡ್ಕೆ ಜೊತೆ ನಾನೇ ಆಕ್ಕಂಡಿದ್ದು, ನನ್ ಕೈಯಾರ. ನಿನ್ ಬಾಯ್ಗೆ ಅಷ್ಟೊಂದ್ ಶಕ್ತಿ ಎಲ್ಲಿಂದ ಬಂತು?" ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು. "ಅವ್ವನ್ನ ಮಣ್ ಮಾಡಿದ್ ದಿನ ಮೋಡ ಕವ್ಕಂಡಿತ್ತು. ಊರೋರು ಆತುರ ಬಿದ್ರು. ನಾನ್ ಅಡ್ಡ ಕುಂತಿದ್ರೆ ನಿಲ್ತಿತ್ತು. ಕುಂತ್ಕನಿಲ್ಲ. ಅದೊಂದ್ ನಂದ್ ತಪ್ಪು."

ಅವ್ವ ಅಕ್ಕನ ತೊಡೆಯ ಮೇಲೆ ಮುಖ ಇಟ್ಟು ಅತ್ತಳು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ.

ಆಮೇಲೆ ದೀಪ ಹಚ್ಚುವವರೆಗೂ ಮಾತೋ ಮಾತು. ಸೋಸಲೆಯ ಹೊಳೆದಂಡೆ, ಒದೆಯುತ್ತಿದ್ದ ಎಮ್ಮೆ, ಯಾರೋ ಕದ್ದ ಹುಣಸೆಹಣ್ಣು. ಗಂಟಲಿಗೆ ಶ್ರಮ ಕೊಡಬೇಡಿ ಅಂದಿದ್ದಾರೆ ಎಂದು ನಾನು ಒಮ್ಮೆ ನೆನಪಿಸಿದ್ದಕ್ಕೆ ಇಬ್ಬರೂ ಒಟ್ಟಿಗೆ, "ನೀ ಸುಮ್ಕಿರು" ಎಂದು ಗದರಿದರು. ಕೊನೆಗೆ ಅವ್ವ ಒಂದು ಮಾತು ಕೇಳಿದಳು.

"ಅವ್ವ ನನ್ನ ಕೂಗ್ತಿದ್ದಂಗೆ ಒಂದ್ಸಲ ಕೂಗಕ್ಕ."

ಅಜ್ಜಿ ಅವ್ವನಿಗೆ ಇಟ್ಟಿದ್ದ ಮುದ್ದಿನ ಹೆಸರೊಂದಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ದೊಡ್ಡವ್ವ ಆ ಒಡೆದ ಧ್ವನಿಯಲ್ಲೇ, ಹೊಳೆಯ ಆಚೆ ಇರುವವಳನ್ನು ಕರೆಯುವಂತೆ ರಾಗ ಎಳೆದು ಕರೆದಳು. ಅವ್ವ ಓ ಅಂದಳು. ಮತ್ತೆ ಕರೆದಳು, ಮತ್ತೆ ಓ ಅಂದಳು.

ಆಪರೇಷನ್ ದಿನ ನಾವೆಲ್ಲ ಆಸ್ಪತ್ರೆಯ ಓಣಿಯಂಥ ಉದ್ದನೆಯ ಜಾಗದಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಅವ್ವನಿಗೆ ಹೆದರಿಕೆ ಪೂರಾ ಹೋಗಿರಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಅವಳ ಉಗುರು ನನ್ನ ಕೈಗೆ ಇಳಿಯುತ್ತಿತ್ತು. ಒಮ್ಮೆ ಎದುರಿನ ಹಸಿರು ಬಣ್ಣದ ಗೋಡೆ ನೋಡಿ ಏನೋ ಹೇಳಲು ಬಾಯಿ ತೆರೆದಳು, ಹೇಳದೆ ಮುಚ್ಚಿಕೊಂಡಳು. ಇಳಿಹೊತ್ತಿನಲ್ಲಿ ನರ್ಸ್ ಬಂದು, ಎಲ್ಲ ಸರಿಹೋಯಿತು, ಜೀವಕ್ಕೆ ತೊಂದರೆ ಇಲ್ಲ ಅಂದರು.

ಗಾಯ ಮಾಗುವವರೆಗೆ ದೊಡ್ಡವ್ವ ನಮ್ಮ ಮನೆಯಲ್ಲೇ ಇದ್ದಳು. ಅವಳ ಹಾಸಿಗೆ ನಡುಮನೆಯ ಅದೇ ಗೋಡೆಯ ಪಕ್ಕ. ಗೋಡೆಯ ಆಚೆ ಅಡುಗೆಮನೆ. ಏನಾದರೂ ಬೇಕಾದರೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಿದ್ದಳು. ಆಚೆಯಿಂದ ಅವ್ವ, "ಬಂದೆ ಕಣಕ್ಕ" ಎನ್ನುತ್ತಿದ್ದಳು.

ಹುಷಾರಾದ ಮೇಲೆ ಮತ್ತೆ ಎಲೆಗಳು ಹೊರಬಂದವು. ಈಗ ಅವ್ವ ಒಂದು ಆಟವನ್ನೂ ಗೆಲ್ಲಲಿಲ್ಲ. ಇಷ್ಟು ವರ್ಷ ಕಟ್ಟಿಕೊಂಡಿದ್ದ ಬಾಯಿ ಈಗ ನಿಲ್ಲುತ್ತಿರಲಿಲ್ಲ, ಎರಡನೇ ಎಲೆಗೇ ಏನಾದರೊಂದು ಅಂದುಬಿಡುತ್ತಿದ್ದಳು. ಕೆಲವು ದಿನ ದೊಡ್ಡವ್ವ ಎಲೆ ಗುಡ್ಡೆ ಹಾಕಿಕೊಂಡು ಖುಷಿಪಟ್ಟಳು. ಆಮೇಲೆ ಒಂದು ದಿನ, ಗೆದ್ದ ಎಲೆಗಳನ್ನು ನೋಡುತ್ತ ಸುಮ್ಮನೆ ಕೂತಳು. ಕತ್ತಿನ ಪಟ್ಟಿಯನ್ನು ಮುಟ್ಟಿ ತೋರಿಸಿ, ಕೈ ಆಡಿಸಿ, ಎಲೆಗಳನ್ನು ದೂರ ತಳ್ಳಿದಳು. ಮಾತೇ ಇಲ್ಲದೆ ಸೋಲಲೂ ಆಗದವಳಿಗೆ ಇದೆಂಥ ಆಟ ಎಂದು ಹೇಳುತ್ತಿದ್ದಳು. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಎರಡು ಮೂರು ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಅವ್ವ ಏನು ಹೇಳಿದರೂ ತಿರುಗಲಿಲ್ಲ.

ಆಮೇಲಿನ ಒಂದು ಮಧ್ಯಾಹ್ನ ಅವ್ವ ಹಟ ಮಾಡಿ ಅವಳನ್ನು ಎಬ್ಬಿಸಿ ಕೂರಿಸಿದಳು. ತುಟಿಗಳನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಆಡತೊಡಗಿದಳು. ಬೆಕ್ಕಾದಳು, ಬಾತುಕೋಳಿಯಾದಳು, ಬೆವರು ಇಳಿಯಿತು, ಆದರೂ ಚಕಾರ ಎತ್ತಲಿಲ್ಲ. ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತ ಕಿಟಕಿಯಿಂದ ನೋಡುತ್ತಿದ್ದೆ. ಅಡುಗೆಮನೆಯ ಒಲೆಯ ಮೇಲೆ ಹಾಲು ಏರುತ್ತಿತ್ತು. ಅವ್ವನ ಬೆನ್ನು ಆ ಕಡೆಗಿತ್ತು, ದೊಡ್ಡವ್ವನಿಗೆ ಬಾಗಿಲಿನಿಂದ ಕಾಣುತ್ತಿತ್ತು. ಅವಳು ರೂಢಿಯಂತೆ ಕೈ ಎತ್ತಿ ಗೋಡೆಯನ್ನು ಟಕಟಕ ತಟ್ಟಿದಳು.

ಅವ್ವ ಹಾಲಿನ ಕಡೆ ತಿರುಗಲಿಲ್ಲ. ಅಕ್ಕನ ಮುಂದೆ ಕೈ ಚಾಚಿದಳು.

"ಗ್ವಾಡೆಗ್ ಯೋಳಿದ್ದೂ ಲೆಕ್ಕಕ್ ಬತ್ತದೆ ಕಣಕ್ಕ," ಅಂದಳು. "ನೀನೇ ಮೊದ್ಲು ಮಾತಾಡ್ದೆ. ಸೋತೆ. ಎಲೆ ಕೊಡು."

ದೊಡ್ಡವ್ವ ತನ್ನ ಬೆರಳ ಗೆಣ್ಣುಗಳನ್ನು ನೋಡಿಕೊಂಡಳು. ಆಮೇಲೆ ತನ್ನ ಎಲೆಗಳನ್ನೆಲ್ಲ ಒಟ್ಟು ಮಾಡಿ ತಂಗಿಯ ಮಡಿಲಿಗೆ ಸುರಿದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಇಬ್ಬರೂ ಏಳಲಿಲ್ಲ.